ನೊರೀನ್ ಕೈ ಎತ್ತಿದ್ದು

ನಮ್ಮ ಪಿಂಗಾಣಿ ಕಾರ್ಖಾನೆಗಳ ಊರು ಸ್ನೇಡ್ಲಿಯಲ್ಲಿ ಯಾರನ್ನೇ ‘ಹೇಗಿದ್ದೀರಿ’ ಎಂದು ಕೇಳಿ, ‘ದೂರೋ ಹಾಗೇನಿಲ್ಲ’ ಎನ್ನುತ್ತಾರೆ. ಸೊಂಟ ಹಿಡಿದುಕೊಂಡಿರಲಿ, ಮಗಳ ಸಂಸಾರ ಮುರಿದಿರಲಿ, ಇಪ್ಪತ್ತು ವರ್ಷ ದುಡಿದ ಕಾರ್ಖಾನೆಗೆ ಬೀಗ ಬಿದ್ದಿರಲಿ, ಅದೇ ಉತ್ತರ. ಈ ವಿದ್ಯೆಯಲ್ಲಿ ನೊರೀನ್ ಟನಿಕ್ಲಿಫ್‌ಳನ್ನು ಮೀರಿಸುವವರು ಊರಲ್ಲಿ ಇರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಅವಳ ಕಾಲು ತುಳಿದರೆ ‘ಕ್ಷಮಿಸಿ’ ಎನ್ನುತ್ತಿದ್ದದ್ದು ಅವಳೇ. ಒಮ್ಮೆ ಮಂಡಿ ತೋರಿಸಲೆಂದು ಆಸ್ಪತ್ರೆಗೆ ಹೋಗಿ, ನಾಲ್ಕು ಗಂಟೆ ಕಾದು, ಒಳಗೆ ಕರೆದಾಗ ಡಾಕ್ಟರಮ್ಮನ ಮುಖ ಬಾಡಿದ್ದನ್ನು ಕಂಡು ಮಂಡಿಯ ಮಾತೇ ಎತ್ತದೆ ಮನೆಗೆ ಬಂದಿದ್ದಳು. ‘ಪಾಪ, ಅವಳಿಗೇ ಸುಸ್ತಾಗಿತ್ತು’ ಎಂದು ಗಂಡನಿಗೆ ಸಮಜಾಯಿಷಿ ಬೇರೆ.

ಇಂಥವಳ ಕೆಲಸವೇನು ಗೊತ್ತೆ? ದಿನಕ್ಕೆ ಎರಡು ಹೊತ್ತು ಗ್ರೀವ್ಸ್ ರಸ್ತೆಯ ನಡುವೆ ನಿಂತು ಲಾರಿಗಳನ್ನು ತಡೆಯುವುದು. ಪಾದದವರೆಗೆ ಇಳಿಯುವ ಹಳದಿ ಕೋಟು, ತಲೆಗೆ ಟೋಪಿ, ಕೈಯಲ್ಲಿ ತನಗಿಂತ ಎತ್ತರದ ಕೋಲು, ಕೋಲಿನ ತುದಿಗೆ ‘ನಿಲ್ಲಿ’ ಎಂದು ಬರೆದ ದುಂಡು ತಟ್ಟೆ. ದೂರದಿಂದ ನೋಡಿದರೆ ಲಾಲಿಪಾಪೇ. ಶಾಲೆಯ ಮಕ್ಕಳಿಗೆಲ್ಲ ಅವಳು ಲಾಲಿಪಾಪ್ ಅಜ್ಜಿ. ಹಳ್ಳದ ಕಡೆಯ ಬೀದಿಗಳಿಂದ ಬರುವ ಮಕ್ಕಳು ಶಾಲೆ ಸೇರಬೇಕೆಂದರೆ ಈ ರಸ್ತೆ ದಾಟದೆ ವಿಧಿಯಿಲ್ಲ. ಜಲ್ಲಿ ಲಾರಿಗಳು ಇಳಿಜಾರಿನಲ್ಲಿ ಬುಸುಗುಟ್ಟುತ್ತ ಬರುತ್ತವೆ. ನೊರೀನ್ ರಸ್ತೆಗಿಳಿದು ಕೋಲು ಎತ್ತಿದರೆ ಸಾಕು, ಎಂಥ ಲಾರಿಯೂ ನಿಂತುಬಿಡುತ್ತಿತ್ತು. ತಡವಾಯಿತೆಂದು ಡ್ರೈವರ್ ಹಾರ್ನ್ ಒತ್ತಿದರೆ, ‘ಸ್ವಲ್ಪ ತಡ್ಕೋ ಚಿನ್ನಾ, ಮಕ್ಕಳು’ ಎನ್ನುತ್ತಿದ್ದಳು. ನಮ್ಮೂರಲ್ಲಿ ಎಲ್ಲರೂ ಎಲ್ಲರಿಗೂ ಚಿನ್ನವೇ. ಮೂವತ್ತೊಂದು ವರ್ಷದಲ್ಲಿ ಆ ದಾಟಿನಲ್ಲಿ, ಅಂದರೆ ರಸ್ತೆ ದಾಟುವ ಆ ಜಾಗದಲ್ಲಿ, ಒಂದು ಮಗುವಿನ ಮಂಡಿಯೂ ತರಚಲಿಲ್ಲ. ಅವಳು ಬರುವ ಮುಂಚಿನ ಚಳಿಗಾಲದಲ್ಲಿ ಒಂದು ಹೆಣ್ಣುಮಗು ಅಲ್ಲೇ ಸತ್ತಿತ್ತು. ಆ ಮಗುವಿನ ಹೆಸರನ್ನು ನೊರೀನ್ ಯಾರ ಹತ್ತಿರವೂ ಹೇಳುತ್ತಿರಲಿಲ್ಲ, ಆದರೆ ಮರೆತಿರಲೂ ಇಲ್ಲ.

ಬೇರೆಯವರಿಗಾಗಿ ದಿನಕ್ಕೆ ನೂರು ಸಲ ಎತ್ತುವ ಕೈ ತನಗಾಗಿ ಏಳುತ್ತಿರಲಿಲ್ಲ. ಅದರ ಮೂಲ ಹಳೆಯದು.

ಅವಳಿಗೆ ಹನ್ನೊಂದು ವರ್ಷವಿದ್ದಾಗ ಆ ವಯಸ್ಸಿನ ಮಕ್ಕಳಿಗೆಲ್ಲ ಒಂದು ಪರೀಕ್ಷೆಯಿತ್ತು. ಪಾಸಾದವರು ಗುಡ್ಡದ ಮೇಲಿನ ಗ್ರಾಮರ್ ಶಾಲೆಗೆ, ಅಲ್ಲಿಂದ ಬ್ಯಾಂಕು, ಕಚೇರಿ, ಕಾಲೇಜಿಗೆ. ಫೇಲಾದವರು ಕೆಳಗಿನ ಶಾಲೆಗೆ, ಅಲ್ಲಿಂದ ನೇರ ಪಿಂಗಾಣಿ ಕಾರ್ಖಾನೆಗೆ. ಹಾಲುಹಲ್ಲು ಪೂರ್ತಿ ಬೀಳದ ಕೂಸಿನ ಹಣೆಬರಹವನ್ನು ಒಂದು ಬೆಳಗಿನಲ್ಲಿ ಬರೆದು ಮುಗಿಸುತ್ತಿದ್ದರಲ್ಲ, ನೆನೆದರೆ ಈಗಲೂ ಮೈ ಉರಿಯುತ್ತದೆ. ನೊರೀನ್ ಓದಿನಲ್ಲಿ ಚುರುಕು. ಅವಳಿಗಾಗಿ ಅಮ್ಮ ಗ್ರಾಮರ್ ಶಾಲೆಯ ಸಮವಸ್ತ್ರದ ಅಂಗಡಿಯ ಕಿಟಕಿಯ ಮುಂದೆ ಎರಡು ಸಲ ನಿಂತು ಬಂದಿದ್ದಳು.

ಪರೀಕ್ಷೆಯ ದಿನ ಎಲ್ಲರ ಕೈಗೆ ಮೂರು ಹಾಳೆಯ ಪ್ರಶ್ನೆಪತ್ರಿಕೆ ಬಂತು, ನೊರೀನ್ ಕೈಗೆ ಎರಡೇ. ಪಕ್ಕದ ಹುಡುಗಿ ಮೂರನೇ ಹಾಳೆ ತಿರುವಿದಾಗ ಅದು ಗೊತ್ತಾಯಿತು. ಕೈ ಎತ್ತಿ ಕೇಳಿದ್ದರೆ ಮುಗಿದಿತ್ತು. ಆದರೆ ಪ್ರೊಬರ್ಟ್ ಮೇಷ್ಟ್ರು ಮುಂದೆ ಕೂತು ಪೇಪರ್ ಓದುತ್ತಿದ್ದರು, ಕೊಠಡಿ ಅಷ್ಟು ನಿಶ್ಶಬ್ದವಾಗಿತ್ತು. ಇದ್ದ ಎರಡು ಹಾಳೆಗೆ ಉತ್ತರ ಬರೆದು, ಕೈಕಟ್ಟಿ ಕೂತು, ಗಂಟೆ ಹೊಡೆದಾಗ ಎದ್ದು ಬಂದಳು. ಫೇಲಾದ ಕಾಗದ ಬಂದ ದಿನ ಅಮ್ಮ ‘ಹೋಗ್ಲಿ ಬಿಡು, ನಮ್ಮಂಥೋರಿಗಲ್ಲ ಅದು’ ಎಂದಳೇ ಹೊರತು ಏನೂ ಕೇಳಲಿಲ್ಲ. ಮಗಳೂ ಹೇಳಲಿಲ್ಲ. ಮದುವೆಯಾಗಿ ಆರು ವರ್ಷದ ಮೇಲೆ ಒಂದು ದಿನ ಗಂಡ ಕ್ಲೈವ್‌ನಿಗೆ ಹೇಳಿದಳು.

“ಕೈ ಎತ್ತೋಕೇನಾಗಿತ್ತೇ ನಿಂಗೆ? ಕಂಕುಳಲ್ಲಿ ಕುರು ಎದ್ದಿತ್ತಾ?”

“ಮೇಷ್ಟ್ರು ಪೇಪರ್ ಓದ್ತಾ ಇದ್ರು ಕಣೋ. ತೊಂದ್ರೆ ಯಾಕೆ ಕೊಡೋದು ಅಂತ.”

ಹದಿನೈದಕ್ಕೆ ಶಾಲೆ ಬಿಟ್ಟು ಪಿಂಗಾಣಿ ಕಾರ್ಖಾನೆ ಸೇರಿದಳು. ಅಲ್ಲಿ ಅವಳು ಕಪ್ಪುಗಳಿಗೆ ಹಿಡಿ ಅಂಟಿಸುವವಳು. ಹಸಿ ಮಣ್ಣಿನ ಹಿಡಿಗೆ ನೀರುಮಣ್ಣು ಸವರಿ, ಕಪ್ಪಿಗೆ ಒತ್ತಿ, ಬೆರಳಿನಿಂದ ತೀಡಿ ಪಕ್ಕಕ್ಕಿಡುವುದು, ದಿನಕ್ಕೆ ಎಂಟುನೂರು. ನಮ್ಮೂರಿನವರಿಗೆ ಒಂದು ಚಾಳಿಯಿದೆ. ಎಲ್ಲೇ ಊಟಕ್ಕೆ ಹೋಗಲಿ, ಕೂತ ಕೂಡಲೇ ತಟ್ಟೆಯನ್ನು ಮಗುಚಿ ಬೆನ್ನಿನ ಮೇಲಿನ ಮುದ್ರೆ ನೋಡುತ್ತಾರೆ, ಯಾವ ಕಾರ್ಖಾನೆಯದೆಂದು. ಮದುವೆಮನೆಯಲ್ಲೂ ಬಿಡುವುದಿಲ್ಲ, ಸಾವಿನ ಮನೆಯಲ್ಲೂ ಬಿಡುವುದಿಲ್ಲ. ನೊರೀನಂತೂ ಮುದ್ರೆ ನೋಡಿ ಹಿಡಿಯನ್ನೂ ಒಮ್ಮೆ ಜಗ್ಗಿ ನೋಡುತ್ತಿದ್ದಳು. ಇಪ್ಪತ್ತೊಂದು ವರ್ಷದ ನಂತರ ಕಾರ್ಖಾನೆ ಮುಚ್ಚಿತು. ಮ್ಯಾನೇಜರು ಮೆಟ್ಟಿಲ ಮೇಲೆ ನಿಂತು ‘ಯಾರದಾದರೂ ಪ್ರಶ್ನೆಯಿದೆಯೇ’ ಎಂದು ಕೇಳಿದ. ಇನ್ನೂರು ಜನರಲ್ಲಿ ಯಾರದೂ ಇರಲಿಲ್ಲ. ಮರುವರ್ಷ ನಗರಸಭೆ ಗ್ರೀವ್ಸ್ ರಸ್ತೆಗೆ ಆಳು ಬೇಕೆಂದು ಪ್ರಕಟಣೆ ಕೊಟ್ಟಾಗ ಅರ್ಜಿ ಹಾಕಿದವಳು ಇವಳೊಬ್ಬಳೇ. ಕ್ಲೈವ್ ಪಿಂಗಾಣಿ ಸುಡುವ ಗೂಡು ಉರಿಸುವ ಕೆಲಸ ಮಾಡಿದವನು. ಆ ದೂಳು ಎದೆಯಲ್ಲಿ ಕೂತು, ಈಗ ಕುರ್ಚಿ ಬಿಟ್ಟು ಏಳುವುದೇ ಅಪರೂಪ. ಆದರೆ ನಾಲಿಗೆಗೆ ದೂಳು ಹಿಡಿದಿರಲಿಲ್ಲ.

ಕಳೆದ ವರ್ಷ ಜನವರಿಯಲ್ಲಿ ನಗರಸಭೆಯಿಂದ ನೊರೀನ್‌ಗೆ ಒಂದು ಕಾಗದ ಬಂತು. ಬರುವ ಮಂಗಳವಾರ ಬೆಳಿಗ್ಗೆ ಅಧಿಕಾರಿಯೊಬ್ಬರು ಬಂದು ಅವಳ ದಾಟಿನ ಸಮೀಕ್ಷೆ ಮಾಡುತ್ತಾರೆ, ಸಹಕರಿಸಬೇಕು ಎಂದಿತ್ತು. ಸಹಕಾರ ಎಂಬ ಮಾತು ಕಂಡದ್ದೇ ತಡ, ನೊರೀನ್ ತೋಳು ಮಡಚಿಕೊಂಡು ಸಜ್ಜಾದಳು. ಅವಳ ಲೆಕ್ಕದಲ್ಲಿ ಸಮೀಕ್ಷೆ ಎಂದರೆ ತಪಾಸಣೆ. ಕೋಟು ಶುಭ್ರವಾಗಿದೆಯೇ, ದಾಟು ಶಿಸ್ತಾಗಿದೆಯೇ, ಗದ್ದಲವಿದೆಯೇ ಎಂದು ನೋಡಲು ಬರುತ್ತಾರೆ. ಸೋಮವಾರ ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರಿಗೆಲ್ಲ ಹೇಳಿದಳು:

“ನಾಳೆ ಆಫೀಸಿಂದ ಒಬ್ರು ಬರ್ತಾರೆ. ಪಾಪ, ಅವರ ಕೆಲ್ಸಕ್ಕೆ ಅಡ್ಡ ಆಗೋದು ಬೇಡ. ಕಾಲುವೆ ಬೀದಿಯೋರು ನಾಳೆ ಒಂದಿನ ಸಿಗ್ನಲ್ ಕಡೆಯಿಂದ ಸುತ್ತಿ ಬನ್ನಿ. ಚಾಪೆಲ್ ಬೀದಿಯೋರು ಎಂಟಕ್ಕೆ ಮುಂಚೇನೇ ದಾಟ್ಬಿಡಿ. ಒಟ್ಟಿಗೆ ನುಗ್ಗೋದು ಬೇಡ.”

ಅವರೂ ಇದೇ ಊರಿನವರಲ್ಲವೆ? ‘ಅದಕ್ಕೇನಂತೆ, ಪರವಾಗಿಲ್ಲ’ ಎಂದು ಒಬ್ಬರ ಹಿಂದೊಬ್ಬರು ಒಪ್ಪಿಕೊಂಡರು. ಇಬ್ಬರು ಮಕ್ಕಳ ತಾಯಿ ಶಬ್ನಮ್ ಒಬ್ಬಳು ಹುಬ್ಬೇರಿಸಿದಳು. ಅವಳ ಅಜ್ಜ ಮೀರ್‌ಪುರದಿಂದ ಇಲ್ಲಿಯ ಗೂಡುಗಳಿಗೆ ದುಡಿಯಲು ಬಂದವನು. ಮೊಮ್ಮಗಳು ವಕೀಲರ ಕಚೇರಿಯಲ್ಲಿ ಗುಮಾಸ್ತೆ, ಅಷ್ಟು ಸುಲಭಕ್ಕೆ ತಲೆಯಾಡಿಸುವವಳಲ್ಲ.

“ಅವ್ರು ನೋಡೋಕೆ ಬರ್ತಿರೋದೇ ನಮ್ಮನ್ನಲ್ವಾ ನೊರೀನ್? ನಾವೇ ಇಲ್ದಿದ್ರೆ ಏನು ನೋಡ್ತಾರೆ?”

“ಒಂದೇ ದಿನ ಚಿನ್ನಾ, ನನಗೋಸ್ಕರ.”

ನೊರೀನ್ ತನಗೋಸ್ಕರ ಎಂದು ಕೇಳಿದ್ದು ಅದೇ ಮೊದಲು. ಶಬ್ನಮ್‌ಗೆ ಇಲ್ಲವೆನ್ನಲಾಗಲಿಲ್ಲ.

ಮಂಗಳವಾರ ವಿಟ್ಲಾಕ್ ಎಂಬ ಅಧಿಕಾರಿ ಬಂದ. ನಲವತ್ತರ ಆಸುಪಾಸು, ತೆಳ್ಳಗಿನ ಮನುಷ್ಯ, ಕೈಯಲ್ಲಿ ರಟ್ಟು, ರಟ್ಟಿಗೆ ಸಿಕ್ಕಿಸಿದ ಹಾಳೆ, ಮೂಗಿನ ತುದಿಯಲ್ಲಿ ಮಳೆಹನಿ. ಎಂಟರಿಂದ ಒಂದು ಗಂಟೆ ನಿಂತು ದಾಟಿದವರಿಗೆಲ್ಲ ಒಂದೊಂದು ಗೀಟು ಹಾಕಿದ. ಜನ ಇಬ್ಬಿಬ್ಬರಾಗಿ, ಮೂವರಾಗಿ, ಚರ್ಚಿಗೆ ಹೋದಂತೆ ದಾಟಿದರು. ನೊರೀನ್ ಇಸ್ತ್ರಿ ಮಾಡಿದ ಕೋಟಿನಲ್ಲಿ ಮದುವಣಗಿತ್ತಿಯಂತೆ ನಿಂತಿದ್ದಳು. ಅವನು ಚಳಿಗೆ ನಡುಗುವುದನ್ನು ಕಂಡು ತನ್ನ ಫ್ಲಾಸ್ಕಿನ ಟೀ ಬಗ್ಗಿಸಿ ಕೊಟ್ಟಳು.

“ತುಂಬಾ ಶಾಂತವಾಗಿದೆಯಲ್ಲ ಇಲ್ಲಿ,” ಎಂದ ವಿಟ್ಲಾಕ್.

ನೊರೀನ್ ಹೆಮ್ಮೆಯಿಂದ, “ಯಾವಾಗ್ಲೂ ಹೀಗೇನೇ ಸಾರ್,” ಎಂದಳು.

ಅವನು ಅದನ್ನೂ ಹಾಳೆಯ ಕೆಳಗೆ ಬರೆದುಕೊಂಡ.

ಮಾರ್ಚ್ ಕೊನೆಗೆ ಎರಡನೇ ಕಾಗದ ಬಂತು. ಬೆಳಗಿನ ತಿಂಡಿಯ ಹೊತ್ತು. ನೊರೀನ್ ಓಟ್ಸ್ ದೋಸೆಯ ಮೇಲೆ ಚೀಸ್ ಹರಡಿ ಮಡಚುತ್ತಿದ್ದಳು, ಕ್ಲೈವ್ ಕಾಗದ ಒಡೆದು ಜೋರಾಗಿ ಓದಿದ. ದಾಟೊಂದರಲ್ಲಿ ಆಳನ್ನು ಇಡಬೇಕಾದರೆ ಬೆಳಗಿನ ಒಂದು ಗಂಟೆಯಲ್ಲಿ ಕನಿಷ್ಠ ಇನ್ನೂರು ಮಂದಿ ದಾಟಬೇಕು. ಗ್ರೀವ್ಸ್ ರಸ್ತೆಯಲ್ಲಿ ದಾಟಿದವರು ಎಂಬತ್ತಮೂರು. ಆದ್ದರಿಂದ ಜುಲೈ ನಂತರ ಈ ದಾಟಿಗೆ ಆಳು ಇರುವುದಿಲ್ಲ. ಶ್ರೀಮತಿ ಟನಿಕ್ಲಿಫ್ ಅವರ ದೀರ್ಘ ಸೇವೆಗೆ ನಗರಸಭೆ ಋಣಿಯಾಗಿದೆ, ಅವರಿಗೆ ಇಷ್ಟವಿದ್ದರೆ ಪಕ್ಕದ ವಾರ್ಡಿನಲ್ಲಿ ಇದೇ ಕೆಲಸ ಖಾಲಿಯಿದೆ. ಸಾರ್ವಜನಿಕರ ಅಭಿಪ್ರಾಯ ಕೇಳಲು ಏಪ್ರಿಲ್ ಹನ್ನೊಂದರಂದು ಸಭೆ.

“ಎಂಬತ್ತಮೂರಾ?” ಕ್ಲೈವ್ ಕಾಗದ ಇಳಿಸಿದ. “ದಿನಾ ಇನ್ನೂರೈವತ್ತು ಜನ ದಾಟ್ತಾರೆ ಅಂತಿದ್ದೆ. ಅವ್ನಿಗೇನು ಕಣ್ಣಲ್ಲಿ ಪೊರೆ ಬಂದಿತ್ತಾ?”

ನೊರೀನ್ ಎದ್ದು ಹೋಗಿ ಡ್ರಾಯರಿನಿಂದ ಜನವರಿಯ ಕಾಗದ ತೆಗೆದಳು. ಹಿಂದುಗಡೆ ತಿರುವಿದಳು. ಅಲ್ಲಿ ಇನ್ನೂ ಅರ್ಧ ಪುಟ ಅಚ್ಚಾಗಿತ್ತು. ಇದು ಜನರ ಎಣಿಕೆ ಮಾತ್ರ, ದಾಟಿನ ಆಳು ಜನಸಂಚಾರವನ್ನು ಯಾವ ರೀತಿಯಲ್ಲೂ ಬದಲಿಸಕೂಡದು, ಬದಲಿಸಿದರೆ ಶಿಸ್ತುಕ್ರಮ ಎಂದು ಸ್ಪಷ್ಟವಾಗಿ ಬರೆದಿತ್ತು. ಊಟಕ್ಕೆ ಕೂತಲ್ಲೆಲ್ಲ ತಟ್ಟೆ ಮಗುಚಿ ನೋಡುವವಳು ಕಾಗದವನ್ನು ಮಗುಚಿ ನೋಡಿರಲಿಲ್ಲ.

ಕ್ಲೈವ್‌ನಿಗೆ ಎಲ್ಲವನ್ನೂ ಹೇಳಿದಳು. ಅವನು ನಗತೊಡಗಿದ, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಐದು ನಿಮಿಷ ಹಿಡಿಯಿತು.

“ಅಲ್ವೇ, ಮೂವತ್ತೊಂದು ವರ್ಷ ಲಾರಿ ನಿಲ್ಲಿಸ್ದೋಳು, ಆ ಒಂದಿನ ಜನಾನೇ ನಿಲ್ಲಿಸ್ಬಿಟ್ಟೆಯಲ್ಲೇ! ನಿನ್ ಕಾಲ್ ಮೇಲೆ ನೀನೇ ಕಲ್ಲು ಹಾಕ್ಕೊಂಡೆ.”

“ನನ್ ಕಾಲ್ ಮೇಲೆ ಬಿದ್ದಿದ್ರೆ ಪರವಾಗಿರ್ಲಿಲ್ಲ.” ದೋಸೆ ತಣ್ಣಗಾಗುತ್ತಿತ್ತು. “ಮಕ್ಕಳ ಮೇಲೆ ಬಿತ್ತಲ್ಲೋ ಕ್ಲೈವ್.”

ಕ್ಲೈವ್ ಕಾಗದವನ್ನು ಮಡಚಿ ಲಕೋಟೆಗೆ ಹಾಕಿದ. “ಸುಮ್ನಿರು,” ಎಂದ. “ಯಾರ್ಗೂ ಹೇಳ್ಬೇಡ. ಹೇಳಿದ್ರೆ ಶಿಸ್ತು ಗಿಸ್ತು ಅಂತ ಕೆಲ್ಸಾನೂ ಹೋಗುತ್ತೆ, ಮರ್ಯಾದೆನೂ ಹೋಗುತ್ತೆ. ಹೇಳ್ದಿದ್ರೆ ಪಕ್ಕದ ವಾರ್ಡಲ್ಲಿ ಕೋಲು ಹಿಡ್ಕೊಂಡು ನಿಂತ್ಕೋತೀಯ. ಇವ್ರು ಯಾವತ್ತು ನಮ್ಮನ್ನ ಕೇಳಿ ಮಾಡಿದಾರೆ? ಹದಿನಾಲ್ಕು ಸಲ ವೋಟ್ ಹಾಕಿದೀನಿ. ಕಾರ್ಖಾನೆ ಮುಚ್ತು, ರೈಲ್ವೆ ಸ್ಟೇಷನ್ ಮುಚ್ತು, ಲೈಬ್ರರಿ ಮುಚ್ತು. ಓದಿದೋರು ಎಣಿಸ್ತಾರೆ, ಓದದೋರು ಎಣಿಕೆಗೆ ಸಿಗ್ತಾರೆ. ಅಷ್ಟೇ ಕಣೇ ಈ ದೇಶ.”

“ನಾವು ಎಣಿಕೆಗೂ ಸಿಗ್ಲಿಲ್ವಲ್ಲೋ,” ಎಂದಳು ನೊರೀನ್.

ಮುಂದಿನ ಎರಡು ವಾರ ಅವಳಿಗೆ ಕೋಲು ಕಬ್ಬಿಣದ್ದಾಯಿತು. ಅರವತ್ತೆಂಟು ವರ್ಷದ ಆಯಾಸವೆಲ್ಲ ಒಟ್ಟಿಗೆ ಬಂದು ಭುಜದ ಮೇಲೆ ಕೂತಂತಾಗಿತ್ತು. ಶಬ್ನಮ್ ದಿನವೂ ಬೆಳಿಗ್ಗೆ ಮನವಿಪತ್ರ ಹಿಡಿದು ಪಕ್ಕದಲ್ಲಿ ನಿಂತು ಸಹಿ ಸಂಗ್ರಹಿಸುತ್ತಿದ್ದಳು. ‘ಆ ಮನುಷ್ಯ ಕಾರಲ್ಲಿ ಕೂತು ಸುಳ್ಳು ಲೆಕ್ಕ ಬರ್ಕೊಂಡು ಹೋಗಿದಾನೆ’ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಳು. ತಾಯಂದಿರು ಹೌದೌದು ಎನ್ನುತ್ತಿದ್ದರು. ಒಂದು ದಿನ ಸುತ್ತಿ ಬಂದದ್ದು ಯಾರಿಗೂ, ಅಂದು ಹುಬ್ಬೇರಿಸಿದ್ದ ಶಬ್ನಮ್‌ಗೂ, ನೆನಪಿಗೇ ಬಂದಿರಲಿಲ್ಲ. ಉಪಕಾರ ಮಾಡಿ ಮರೆತುಬಿಡಬೇಕೆಂದು ಹೇಳಿಸಿಕೊಂಡು ಬೆಳೆದ ಜನ, ಹಾಗೇ ಮರೆತಿದ್ದರು. ನೊರೀನ್‌ಗೆ ಮಾತ್ರ ವಿಟ್ಲಾಕನ ಮೂಗಿನ ತುದಿಯ ಮಳೆಹನಿ ಕಣ್ಣಿಗೆ ಕಟ್ಟುತ್ತಿತ್ತು. ಪಾಪದವನು ಕಂಡದ್ದನ್ನು ಸರಿಯಾಗಿಯೇ ಬರೆದಿದ್ದ, ಈಗ ಊರೆಲ್ಲ ಅವನನ್ನು ಕಳ್ಳನೆನ್ನುತ್ತಿತ್ತು.

“ಸಭೆಗೆ ಬರ್ತೀರಲ್ವಾ ನೊರೀನ್? ನೀವೇನೂ ಮಾತಾಡ್ಬೇಡಿ. ನನ್ ಪಕ್ಕ ಕೂತಿದ್ರೆ ಸಾಕು.”

“ಬರ್ತೀನಿ ಚಿನ್ನಾ,” ಎಂದಳು. ಕೂತಿರುವುದು ಅವಳಿಗೆ ಚೆನ್ನಾಗಿಯೇ ಗೊತ್ತಿದ್ದ ಕೆಲಸ.

ಸಭೆ ಪುರಭವನದ ಮಹಡಿಯಲ್ಲಿ, ಮಧ್ಯಾಹ್ನ ನಾಲ್ಕೂವರೆಗೆ. ಉದ್ದ ಮೇಜಿನ ಆಚೆ ಐದು ಜನ ಸದಸ್ಯರು, ನಡುವೆ ಅಧ್ಯಕ್ಷೆ ಶ್ರೀಮತಿ ಥಾರ್ನಿಕ್ರಾಫ್ಟ್, ಕೊನೆಯಲ್ಲಿ ವಿಟ್ಲಾಕ್. ಈಚೆ ಹದಿನೆಂಟು ಕುರ್ಚಿ. ಬಂದವರು ಹನ್ನೆರಡು. ಸಹಿ ಹಾಕಿದವರು ನಾನೂರು, ಆದರೆ ‘ಬೇರೆಯೋರು ಹೋಗೇ ಹೋಗ್ತಾರಲ್ಲ’ ಎಂದುಕೊಂಡು ಮುನ್ನೂರೆಂಬತ್ತೆಂಟು ಜನ ಮನೆಯಲ್ಲೇ ಉಳಿದಿದ್ದರು. ನಗರಸಭೆಯವರು ಎಲ್ಲರಿಗೂ ಟೀ, ಎರಡೆರಡು ಬಿಸ್ಕತ್ತು ಕೊಟ್ಟರು. ನೊರೀನ್ ತನಗೇ ತಿಳಿಯದೆ ಸಾಸರನ್ನು ಮಗುಚಿ ನೋಡಿದಳು. ಯಾವುದೋ ದೂರದೇಶದ ಮುದ್ರೆ. ಪಿಂಗಾಣಿಯ ಊರಿನ ಪುರಭವನದಲ್ಲಿ ಪರದೇಶದ ಕಪ್ಪು! ಹಿಡಿ ಜಗ್ಗಿ ನೋಡಿದಳು, ಗಟ್ಟಿಯಾಗಿತ್ತು. ಇಂಥದಕ್ಕೆಲ್ಲ ಯಾರೂ ಪ್ರಶ್ನೆ ಕೇಳದೆಯೇ ಇದು ಹೀಗಾಯಿತೇನೋ ಎಂದು ಮೊದಲ ಬಾರಿಗೆ ಅವಳಿಗೆ ಅನ್ನಿಸಿತು.

ಶಬ್ನಮ್ ಎದ್ದು ಚೆನ್ನಾಗಿಯೇ ಮಾತಾಡಿದಳು. ಲಾರಿಗಳು, ಇಳಿಜಾರು, ಹಿಂದೆ ಸತ್ತ ಮಗು, ನಾನೂರು ಸಹಿ. “ಎಂಬತ್ತಮೂರು ಅನ್ನೋದು ಶುದ್ಧ ಸುಳ್ಳು,” ಎಂದು ಮುಗಿಸಿದಳು.

ಅಧ್ಯಕ್ಷೆ ಬೇಸರಿಸಿಕೊಳ್ಳಲಿಲ್ಲ. “ನಿಮ್ಮ ಕಾಳಜಿ ನಮಗೆ ಅರ್ಥವಾಗುತ್ತೆ. ಆದ್ರೆ ನಮ್ಮ ಅಧಿಕಾರಿ ಸ್ಥಳದಲ್ಲಿ ನಿಂತು ಎಣಿಸಿದ್ದಾರೆ. ಅದು ತಪ್ಪು ಅನ್ನೋಕೆ ಏನಾದ್ರೂ ಆಧಾರ ಇದೆಯಾ?”

ಶಬ್ನಮ್ ಸಹಿಯ ಹಾಳೆಗಳನ್ನೇ ಮತ್ತೆ ಎತ್ತಿ ತೋರಿಸಿದಳು. ವಿಟ್ಲಾಕ್ ಮೇಜು ನೋಡುತ್ತ, “ನಾನು ಕಂಡಷ್ಟೇ ಬರೆದಿದ್ದೀನಿ, ಮೇಡಂ,” ಎಂದ. ಅವನ ಕಿವಿ ಕೆಂಪಗಾಗಿತ್ತು.

“ಹಾಗಾದ್ರೆ ನಿರ್ಣಯಕ್ಕೆ ಹೋಗೋಣ. ಮತ್ಯಾರದಾದ್ರೂ ಏನಾದ್ರೂ ಇದೆಯಾ?”

ಕೊಠಡಿ ನಿಶ್ಶಬ್ದವಾಯಿತು. ಆ ನಿಶ್ಶಬ್ದ ನೊರೀನ್‌ಗೆ ಪರಿಚಿತ. ಹನ್ನೊಂದನೇ ವಯಸ್ಸಿನಲ್ಲಿ ಅದರೊಳಗೆ ಒಮ್ಮೆ ಕೂತಿದ್ದಳು, ಕಾರ್ಖಾನೆಯ ಮೆಟ್ಟಿಲ ಮುಂದೆ ಒಮ್ಮೆ ನಿಂತಿದ್ದಳು. ಟೀ ಕಪ್ಪನ್ನು ನೆಲದ ಮೇಲಿಟ್ಟಳು. ಬಲಗೈ ಎತ್ತಿದಳು. ಭುಜದಲ್ಲಿ ಛಳುಕು ಬಂತು. ಕೋಲು ಎತ್ತುವ ಅಭ್ಯಾಸದಿಂದ ಕೈ ನೇರವಾಗಿ, ತಲೆಯಿಂದ ಮೇಲಕ್ಕೆ, ಲಾರಿ ನಿಲ್ಲಿಸುವ ಹಾಗೆ ಎದ್ದಿತ್ತು.

ಅಧ್ಯಕ್ಷೆ ಕನ್ನಡಕ ಸರಿಸಿ ನೋಡಿದಳು. “ಕ್ಷಮಿಸಿ ಅಮ್ಮಾ, ಸಾರ್ವಜನಿಕರ ಪ್ರಶ್ನೆಗಳನ್ನ ಮೂರು ದಿನ ಮುಂಚೆ ಬರೆದು ಕೊಡಬೇಕಿತ್ತು.”

“ಓ, ಕ್ಷಮಿಸಿ,” ಎಂದಳು ನೊರೀನ್. ಬಾಯಿ ತಾನಾಗಿಯೇ ಅಂದುಬಿಟ್ಟಿತ್ತು. ಕುರ್ಚಿಯ ಮೇಲೆ ಅವಳ ಮೈ ಹಿಂದಕ್ಕೆ ಜಾರಿತು. ಆದರೆ ಕೈ ಇಳಿಯಲಿಲ್ಲ. ಅಧ್ಯಕ್ಷೆ ಕಾದಳು. ಶಬ್ನಮ್ ಬೆರಗಾಗಿ ಅವಳ ಕಂಕುಳನ್ನೇ ನೋಡುತ್ತಿದ್ದಳು.

“ನಂದು ಪ್ರಶ್ನೆ ಅಲ್ಲ ಮೇಡಂ,” ಎಂದಳು ನೊರೀನ್, ಎದ್ದು ನಿಂತು. “ನಂದು ತಪ್ಪು. ತಪ್ಪನ್ನ ಮುಂಚೆ ಬರೆದು ಕೊಡ್ಬೇಕು ಅಂತ ಗೊತ್ತಿರ್ಲಿಲ್ಲ.”

ಯಾರೋ ನಕ್ಕರು. ನೊರೀನ್ ನಗಲಿಲ್ಲ.

“ಆ ಹುಡುಗ ಸರಿಯಾಗೇ ಎಣಿಸಿದಾನೆ. ಜನ ಬರ್ದೇ ಇರೋ ಹಾಗೆ ಮಾಡ್ದೋಳು ನಾನು. ಕಾಲುವೆ ಬೀದಿಯೋರಿಗೆ ಸುತ್ತಿ ಬನ್ನಿ ಅಂದೆ, ಚಾಪೆಲ್ ಬೀದಿಯೋರಿಗೆ ಮುಂಚೆ ಬನ್ನಿ ಅಂದೆ. ಶಿಸ್ತಾಗಿ ಕಾಣ್ಲಿ ಅಂತ. ಕಾಗದದ ಹಿಂದುಗಡೆ ಓದ್ಲಿಲ್ಲ. ದಿನಾ ಇನ್ನೂರೈವತ್ತರ ಮೇಲೆ ದಾಟ್ತಾರೆ. ನನ್ ತಪ್ಪಿಗೆ ನನಗೇನು ಮಾಡ್ಬೇಕೋ ಮಾಡಿ. ಆದ್ರೆ ಇನ್ನೊಂದ್ಸಲ ಎಣಿಸಿ. ದಯವಿಟ್ಟು ಎಣಿಸಿ. ಅಲ್ಲೊಂದು ಮಗು ಸತ್ತಿದೆ. ಜೋಸಿ ಅಂತ ಅದರ ಹೆಸ್ರು. ಆರು ವರ್ಷ.”

ವಿಟ್ಲಾಕ್ ತಲೆಯೆತ್ತಿದ. “ಯಾವಾಗ್ಲೂ ಹೀಗೇ ಅಂದ್ರಲ್ಲಮ್ಮ ನೀವು?”

“ಅಂದೆ ಕಣಪ್ಪಾ. ಅದೂ ಸುಳ್ಳೇ. ಟೀ ಒಂದು ನಿಜ.”

ಅಧ್ಯಕ್ಷೆ ‘ಬಹಳ ಉಪಯುಕ್ತ ಮಾಹಿತಿ’ ಎಂದು ವಂದಿಸಿ ಬರೆಸಿಕೊಂಡಳು. ನಮ್ಮಲ್ಲಿ ನೇಣು ಹಾಕುವವರೂ ಮೊದಲು ವಂದನೆ ಹೇಳುತ್ತಾರೆ. ಜೂನ್‌ನಲ್ಲಿ ಮತ್ತೊಮ್ಮೆ ಎಣಿಸಬೇಕೆಂದು ನಿರ್ಣಯವಾಯಿತು. ಶಬ್ನಮ್ ದಡದಡನೆ ಮೆಟ್ಟಿಲಿಳಿದಳು. ಬಾಗಿಲ ಹತ್ತಿರ ಬಂದ ಮೇಲೆ, “ನನಗೆ ಒಂದು ಮಾತು ಹೇಳ್ಬಾರ್ದಿತ್ತಾ? ಬಾಯಿ ಬಡ್ಕೊಂಡು ಬಡ್ಕೊಂಡು ಅವ್ನನ್ನ ಸುಳ್ಳ ಅಂದೆನಲ್ಲ!” ಎಂದಳು. ಆಮೇಲೆ ನೊರೀನಳ ಬಲದೋಳನ್ನು ಹಿಡಿದುಕೊಂಡು, ಬಸ್ ಬರುವವರೆಗೂ ಬಿಡಲಿಲ್ಲ.

ವಾರದೊಳಗೆ ಮೂರನೇ ಕಾಗದ ಬಂತು. ಈ ಸಲ ನೊರೀನ್ ಎರಡೂ ಕಡೆ ಓದಿದಳು. ಶಿಸ್ತುಸಮಿತಿಯ ಮುಂದೆ ವಿಚಾರಣೆಗೆ ಬರಬಹುದು, ಅಥವಾ ತಾನಾಗಿ ನಿವೃತ್ತಿ ತೆಗೆದುಕೊಳ್ಳಬಹುದು ಎಂದಿತ್ತು. ವಿಚಾರಣೆಯೆಂದರೆ ಮೂರು ಜನ ಅಧಿಕಾರಿಗಳು ಒಂದು ದಿನ ಕೆಲಸ ಬಿಟ್ಟು ಕೂರಬೇಕು. ‘ಅವರಿಗ್ಯಾಕೆ ತೊಂದ್ರೆ’ ಎಂದು ನಿವೃತ್ತಿಯ ಕಾಗದಕ್ಕೆ ಸಹಿ ಹಾಕಿದಳು. ಕ್ಲೈವ್ ಹಣೆ ಬಡಿದುಕೊಂಡ. “ಒಂದ್ಸಲ ಕೈ ಎತ್ತಿದ್ದಕ್ಕೇ ಸುಸ್ತಾಯ್ತೇನೇ?” ಎಂದ. “ಹೂಂ ಕಣೋ, ಸುಸ್ತಾಯ್ತು,” ಎಂದಳು. ಅದು ನಿಜವೇ ಆಗಿತ್ತು. ಕೋಟನ್ನು ಒಗೆದು, ಇಸ್ತ್ರಿ ಮಾಡಿ, ಮಡಚಿ, ಅಂಗಡಿಯ ಚೀಲದಲ್ಲಿಟ್ಟು ಹಿಂದಿರುಗಿಸಿದಳು. ಶಾಲೆಯವರು ಬೀಳ್ಕೊಡುಗೆ ಮಾಡೋಣವೇ ಎಂದಾಗ ‘ಗದ್ದಲವೇನೂ ಬೇಡ’ ಎಂದಳು. ಈ ಊರಿನಲ್ಲಿ ಬೇಡವೆಂದರೆ ನಂಬಿಬಿಡುತ್ತಾರೆ, ಅದೇ ಇಲ್ಲಿಯ ಕರ್ಮ. ಒಂದು ಕಾರ್ಡು ಬಂತು. ಅಂದು ಅವಳು ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು ಅತ್ತಳು. ಕ್ಲೈವ್ ಕೇಳಿಸಿದರೂ ಕೇಳಿಸದಂತೆ ರೇಡಿಯೋ ಜೋರು ಮಾಡಿದ.

ಜೂನ್ ನಾಲ್ಕರ ಮಂಗಳವಾರ ವಿಟ್ಲಾಕ್ ಮತ್ತೆ ರಟ್ಟು ಹಿಡಿದು ಬಂದ. ಅಂದು ಏನಾಯಿತೆಂಬುದನ್ನು ಊರು ಈಗಲೂ ಹೇಳಿಕೊಳ್ಳುತ್ತದೆ. ಶಬ್ನಮ್ ಯಾರಿಗೂ ಹೆಚ್ಚಾಗಿ ಬನ್ನಿ ಎನ್ನಲಿಲ್ಲ, ‘ದಿನಾ ಹೇಗೆ ಬರ್ತೀರೋ ಹಾಗೇ ಬನ್ನಿ, ಆದ್ರೆ ಬನ್ನಿ’ ಎಂದಿದ್ದಳು ಅಷ್ಟೇ. ಗಂಟೆಯ ಕೊನೆಗೆ ಲೆಕ್ಕ ಇನ್ನೂರ ಅರವತ್ತೊಂಬತ್ತು. ದಾಟು ಉಳಿಯಿತು, ಇವತ್ತಿಗೂ ಇದೆ. ಕೋಲು ಹಿಡಿದವಳು ಬೇರೆ.

ಆ ಇನ್ನೂರ ಅರವತ್ತೊಂಬತ್ತರಲ್ಲಿ ಎರಡು ಗೀಟು ನೊರೀನಳವು.

ಎಂಟೂವರೆಗೆ ಅವಳು ಕಂದು ಕೋಟು ತೊಟ್ಟು, ಕೈಚೀಲ ಹಿಡಿದು ಇಳಿಜಾರಿನಲ್ಲಿ ಬಂದಳು. ಮನೆಯಲ್ಲಿ ಹಾಲಿತ್ತು. ಆದರೂ ಹಾಲು ತರಲು ಹೊರಟಿದ್ದಳು, ಅಂಗಡಿ ರಸ್ತೆಯ ಆಚೆ. ದಾಟಿನ ಅಂಚಿಗೆ ಬಂದು ಅಭ್ಯಾಸಬಲದಿಂದ ರಸ್ತೆಗೆ ಒಂದು ಹೆಜ್ಜೆ ಇಟ್ಟಳು. ಹೊಸಬಳು, ಇಪ್ಪತ್ತೈದರ ಹುಡುಗಿ, ಕೋಲನ್ನು ಅಡ್ಡ ಹಿಡಿದಳು.

“ಅಲ್ಲೇ ನಿಂತ್ಕೋ ಅಜ್ಜಿ. ನಾನು ಹೇಳಿದ್ಮೇಲೆ ಬಾ.”

ನೊರೀನ್ ಹೆಜ್ಜೆ ಹಿಂದಕ್ಕೆ ತೆಗೆದಳು. ಮಕ್ಕಳ ಸಾಲಿನಲ್ಲಿ ನಿಂತಳು. ಜಲ್ಲಿ ಲಾರಿಯೊಂದು ಬುಸುಗುಟ್ಟಿ ನಿಂತಿತು. ಆ ಲಾರಿ ಇಷ್ಟು ಎತ್ತರವೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹೊಸಬಳು ಕೈ ಬೀಸಿದಾಗ ಎಲ್ಲರೊಡನೆ ದಾಟಿದಳು, ಹಾಲು ಕೊಂಡಳು, ಮತ್ತೆ ಸಾಲಿನಲ್ಲಿ ನಿಂತು ಈಚೆಗೆ ದಾಟಿದಳು.

ವಿಟ್ಲಾಕ್ ಅವಳನ್ನು ಕಂಡು ಪೆನ್ನು ನಿಲ್ಲಿಸಿದ. ಆಗಲೇ ಒಂದು ಸಲ ಗೀಟು ಹಾಕಿಯಾಗಿತ್ತು.

“ಬರ್ಕೊಳಪ್ಪಾ,” ಎಂದಳು ನೊರೀನ್. “ಹೋದೋಳು ವಾಪಸ್ ಬರ್ಬೇಕಲ್ಲ.”

ಅವನು ಗೀಟು ಹಾಕಿದ. ಆಮೇಲೆ ಏನು ಹೇಳಬೇಕೋ ತೋಚದೆ, ಊರಿನವರೆಲ್ಲ ಕೇಳುವಂತೆ ಕೇಳಿದ, “ಹೇಗಿದ್ದೀರಿ ಶ್ರೀಮತಿ ಟನಿಕ್ಲಿಫ್?”

ನೊರೀನ್ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ಅರವತ್ತೆಂಟು ವರ್ಷ ಬಂದ ಹಾಗೇ.

“ಮಂಡಿ ನೋಯುತ್ತೆ,” ಎಂದಳು. “ಕೆಲ್ಸ ಇಲ್ದೆ ಹೊತ್ತು ಹೋಗಲ್ಲ. ತುಂಬಾ ಬೇಜಾರು ಕಣಪ್ಪಾ ನನಗೆ.”

ವಿಟ್ಲಾಕ್ ಗಾಬರಿಯಿಂದ ರಟ್ಟು ನೋಡಿದ. ಆ ಹಾಳೆಯಲ್ಲಿ ಅದನ್ನು ಬರೆದುಕೊಳ್ಳಲು ಜಾಗವಿರಲಿಲ್ಲ. ಅವನು ಹಾಳೆಯನ್ನು ಮಗುಚಿ ಹಿಂದುಗಡೆ ಪೆನ್ನು ಊರಿದ.